ಅಪ್ಪನ್ನ ಬರ್ನಿನಾ ರೈಲಿಗೆ ಹತ್ತಿಸ್ಬೇಕು: ಸ್ವಿಸ್ ಟ್ರಾವೆಲ್ ಪಾಸ್ ತಗೊಳ್ಳೋದಾ, ಹಾಫ್ ಫೇರ್ ಕಾರ್ಡಾ?

ಸಕಲೇಶಪುರದ ಮಗಳು

ಎಲ್ರಿಗೂ ನಮಸ್ಕಾರ. ದಸರಾ ರಜೆಗೆ, ಅಂದ್ರೆ 2024ರ ಅಕ್ಟೋಬರ್ ಮೊದಲ ವಾರ, ಸ್ವಿಟ್ಜರ್ಲೆಂಡಿಗೆ ಹೊರಟಿದೀವಿ. ನಾನು, ನಮ್ಮನೆಯವ್ರು, 9 ವರ್ಷದ ಮಗ, ಜೊತೆಗೆ ನಮ್ಮಪ್ಪ ಅಮ್ಮ. ವೀಸಾ ಬಂದಾಯ್ತು, ಫ್ಲೈಟ್ ಬುಕ್ ಆಯ್ತು, ಈಗ ಈ ರೈಲ್ ಪಾಸ್ ಹತ್ರ ಬಂದು ಸಿಕ್ಕಾಕ್ಕೊಂಡಿದೀನಿ.

ಈ ಟ್ರಿಪ್ ನಿಜ ಹೇಳ್ಬೇಕಂದ್ರೆ ಅಪ್ಪನಿಗೋಸ್ಕರ. ಅಪ್ಪ ರೈಲ್ವೇಲಿ ಗ್ಯಾಂಗ್‌ಮನ್ ಆಗಿ ಸೇರಿ ಗ್ಯಾಂಗ್ ಮೇಟ್ ಆಗಿ ರಿಟೈರ್ ಆದವ್ರು. ಸರ್ವೀಸಲ್ಲಿ ಜಾಸ್ತಿ ಕಾಲ ಸಕಲೇಶಪುರ–ಸುಬ್ರಹ್ಮಣ್ಯ ಘಾಟ್ ಸೆಕ್ಷನ್ನೇ. ಮೀಟರ್ ಗೇಜ್ (ಎರಡು ಹಳಿ ಮಧ್ಯೆ ಒಂದೇ ಮೀಟರ್ ಅಂತರ) ಇದ್ದ ಕಾಲದಲ್ಲಿ ಮಳೆಗಾಲದ ರಾತ್ರಿ ಲಾಟೀನು ಹಿಡ್ಕೊಂಡು, ಗುಡ್ಡ ಕುಸಿದಿದ್ಯಾ ಅಂತ ನೋಡ್ಕೊಂಡು, ಹಳಿ ಮೇಲೆ ಮೈಲಿಗಟ್ಲೆ ನಡೀತಿದ್ರು, ಬೆಳಗ್ಗೆ ಮನೆಗೆ ಬಂದಾಗ ಕಾಲಲ್ಲೆಲ್ಲ ಜಿಗಣೆ ಗಾಯ. ಯಾರೋ ವಾಟ್ಸಾಪಲ್ಲಿ ಬರ್ನಿನಾ ರೈಲು ದಾರೀಲಿರೋ ಬ್ರೂಸಿಯೊ ಸೇತುವೆ ವಿಡಿಯೋ ಕಳ್ಸಿದ್ರು, ರೈಲು ಕಲ್ಲಿನ ಕಮಾನುಗಳ ಮೇಲೆ ಒಂದು ಸುತ್ತು ಸುತ್ತಿ ತನ್ನ ಸೇತುವೆ ಕೆಳಗೇ ತೂರಿ ಹೋಗುತ್ತಲ್ಲ, ಅದು. ಅಪ್ಪ ಅದನ್ನ ಎಷ್ಟು ಸಲ ನೋಡಿದಾರೋ ಲೆಕ್ಕ ಇಲ್ಲ.

ನನ್ನ ಪ್ರಶ್ನೆ ಏನಂದ್ರೆ ರೈಲು, ಬಸ್ಸು, ಬೋಟು ಎಲ್ಲಕ್ಕೂ ಆಗೋ 8 ದಿನದ ಸ್ವಿಸ್ ಟ್ರಾವೆಲ್ ಪಾಸ್ ಸೆಕೆಂಡ್ ಕ್ಲಾಸಿಗೆ 2024ರ ರೇಟಲ್ಲಿ ತಲೆಗೆ 419 ಫ್ರಾಂಕ್ ತೋರಿಸ್ತಿದೆ, ನಾಲ್ಕು ಜನ ದೊಡ್ಡವ್ರಿಗೆ ಒಂದೂವರೆ ಲಕ್ಷದ ಮೇಲೆ ಆಗುತ್ತೆ. ಇಲ್ಲೊಬ್ಬ ಏಜೆಂಟ್ "ಪಾಸ್ ಇದ್ರೆ ಗ್ಲೇಸಿಯರ್ ಎಕ್ಸ್‌ಪ್ರೆಸ್ ಕೂಡ ಫ್ರೀ ಮೇಡಂ, ಕಣ್ಮುಚ್ಕೊಂಡು ತಗೊಳ್ಳಿ" ಅಂದ. ಹೌದಾ? ಅಮ್ಮಂಗೆ ಮಂಡಿ ನೋವು ಬೇರೆ, ಮೆಟ್ಲು ಹತ್ತೋದು ಕಷ್ಟ. ಹೋಗಿ ಬಂದವ್ರು ದಯವಿಟ್ಟು ಹೇಳಿ.

ಝೂರಿಕ್ ಕನ್ನಡಿಗ

ಅಕ್ಕಾ, 12 ವರ್ಷದಿಂದ ಇಲ್ಲಿದೀನಿ, ಊರಿಂದ ಬಂದವ್ರನ್ನ ಎಷ್ಟೋ ಸಲ ಸುತ್ತಿಸಿದೀನಿ, ಅದ್ರಿಂದ ಸ್ವಲ್ಪ ಉದ್ದ ಬರೀತೀನಿ.

ಮೊದ್ಲು ಆ ಏಜೆಂಟ್ ಮಾತು. ಗ್ಲೇಸಿಯರ್ ಎಕ್ಸ್‌ಪ್ರೆಸ್ ಮತ್ತೆ ಬರ್ನಿನಾ ಎಕ್ಸ್‌ಪ್ರೆಸ್ ಅನ್ನೋ ಎರಡು ಪ್ರವಾಸಿ ರೈಲಿಗೂ ಪಾಸಲ್ಲಿ ಟಿಕೆಟ್ ಹಣ ಕಟ್ಟೋದಿಲ್ಲ, ಅದು ನಿಜ, ಆದ್ರೆ ಸೀಟ್ ರಿಸರ್ವೇಶನ್ ಕಡ್ಡಾಯ, ಅದಕ್ಕೆ ದುಡ್ಡು ಬೇರೆ. ಗ್ಲೇಸಿಯರಿಗೆ ತಲೆಗೆ 50 ಫ್ರಾಂಕ್ ಆಸುಪಾಸು. ಐದು ಜನ ಅಂದ್ರೆ ನೀವೇ ಲೆಕ್ಕ ಹಾಕಿ.

ಈಗ ಮುಖ್ಯವಾದ ವಿಷ್ಯ. ಆ ಎಕ್ಸ್‌ಪ್ರೆಸ್‌ಗಳು ಓಡೋದು ಬೇರೆ ಯಾವ್ದೋ ಹಳಿ ಮೇಲಲ್ಲ. ಅದೇ ಹಳಿ, ಅದೇ ಸೇತುವೆ, ಅದೇ ಸುರಂಗ, ಅಲ್ಲೇ ನಮ್ಮ ಪ್ಯಾಸೆಂಜರ್ ಗಾಡಿ ಥರ ಲೋಕಲ್ ರೈಲು ಹೆಚ್ಚುಕಮ್ಮಿ ಗಂಟೆಗೊಂದು ಓಡುತ್ತೆ. ರಿಸರ್ವೇಶನ್ ಬೇಡ, ಪಾಸ್ ತೋರ್ಸಿದ್ರೆ ಮುಗೀತು. ಎಕ್ಸ್‌ಪ್ರೆಸಲ್ಲಿ ಗಾಜು ಚಾವಣಿ ತನಕ ಬಾಗಿರುತ್ತೆ, ನೋಡೋಕೆ ಚೆನ್ನ, ಆದ್ರೆ ಕಿಟಕಿ ತೆಗೆಯೋಕಾಗಲ್ಲ, ಫೋಟೋದಲ್ಲಿ ನಿಮ್ಮ ಮುಖದ್ದೇ ಪ್ರತಿಬಿಂಬ ಬರುತ್ತೆ. ಬರ್ನಿನಾ ಲೋಕಲ್ ಗಾಡೀಲಿ ಹಳೇ ಬೋಗಿ ಸಿಕ್ಕಿದ್ರೆ ಕಿಟಕಿ ಕೆಳಗಿಳಿಸಿ ಗಾಳಿಗೆ ಮುಖ ಕೊಟ್ಕೊಂಡು ಕೂರ್ಬೋದು. ಎಲ್ಲಕ್ಕಿಂತ ಹೆಚ್ಚಾಗಿ, ಬೇಕಾದ ಸ್ಟೇಷನ್ನಲ್ಲಿ ಇಳಿದು, ಒಂದು ಗಂಟೆ ಕೂತು, ಮುಂದಿನ ಗಾಡಿ ಹತ್ಬೋದು. ಹಳಿ ಜೊತೆ ಜೀವನ ಮಾಡಿದ ಮನುಷ್ಯನಿಗೆ ಅದಕ್ಕಿಂತ ದೊಡ್ಡದು ಏನು ಬೇಕು ಅಕ್ಕಾ?

ಇನ್ನೊಂದು ಸಂಗತಿ ಅಪ್ಪಂಗೆ ಈಗ್ಲೇ ಹೇಳ್ಬೇಡಿ, ಅಲ್ಲಿ ಹೋದ್ಮೇಲೆ ನೋಡ್ಲಿ. ಬರ್ನಿನಾ ಲೈನ್ ಇವತ್ತಿಗೂ ಮೀಟರ್ ಗೇಜ್. 1910ರಲ್ಲಿ ಪೂರ್ತಿಯಾದ ಹಳಿ, ಹಲ್ಲಿನ ಹಳಿ (ಗಾಡಿಯ ಹಲ್ಲುಚಕ್ರ ಕಚ್ಕೊಂಡು ಹತ್ತೋಕೆ ಮಧ್ಯೆ ಹಾಕೋದು) ಇಲ್ದೆ ಬರೀ ಚಕ್ರದ ಹಿಡಿತದ ಮೇಲೆ 2,253 ಮೀಟರ್ ಎತ್ತರದ ಓಸ್ಪಿಜಿಯೊ ಬರ್ನಿನಾ ತನಕ ಹತ್ತಿ, ಇಟಲಿ ಗಡಿ ದಾಟಿ 429 ಮೀಟರಿನ ತಿರಾನೊಗೆ ಇಳಿಯುತ್ತೆ. ಏರು 1000ಕ್ಕೆ 70, ಅಂದ್ರೆ 1000 ಮೀಟರ್ ಹೋದ್ರೆ 70 ಮೀಟರ್ ಹತ್ತುತ್ತೆ. ತಿರಾನೊ ಇಟಲಿ ಆದ್ರೂ ಅಲ್ಲೀವರ್ಗೂ ಪಾಸ್ ನಡೆಯುತ್ತೆ.

ಹುಬ್ಬಳ್ಳಿ ರೈಲುಪ್ರೇಮಿ

ಅಬ್ಬಾ, 1000ಕ್ಕೆ 70 ಅಂದ್ರ ಸುಮಾರು 14ಕ್ಕ 1 ಆತು! ನಮ್ಮ ಸಕಲೇಶಪುರ ಘಾಟ್ 50ಕ್ಕ 1 ಐತಿ, ಅದಕ್ಕನ ಹಿಂದಿಂದ ನೂಕಾಕ ಬ್ಯಾಂಕರ್ ಇಂಜಿನ್ ಹಚ್ಚತಾರ. ಅಕ್ಕಾರ, ನಿಮ್ಮ ಅಪ್ಪಾರಿಗೆ ಈ ಅಂಕಿ ಒಂದ ಹೇಳ್ರಿ, ಅವರಿಗೆ ಅರ್ಥ ಆಗೂವಷ್ಟು ನಮಗ ಯಾರಿಗೂ ಅರ್ಥ ಆಗೂದಿಲ್ಲ.

ಇನ್ನೊಂದು ಮಾತು ಹೇಳೂದೈತಿ. ಊಟಿ ರೈಲಿನಾಗ ಕಲ್ಲಾರ್‌ನಿಂದ ಕೂನೂರಿಗೆ ಹತ್ತುವಾಗ ನಡುವ ಹಲ್ಲಿನ ಹಳಿ ಇರತೈತಲ್ರಿ, ಅದು ಆಬ್ಟ್ ಪದ್ಧತಿ, ರೋಮನ್ ಆಬ್ಟ್ ಅನ್ನೂ ಸ್ವಿಸ್ ಇಂಜಿನಿಯರ್ ಮಾಡಿದ್ದು. ಆ ಲೈನಿನ ಹಳೇ ಎಕ್ಸ್ ಕ್ಲಾಸ್ ಉಗಿ ಇಂಜಿನ್ನೂ ಸ್ವಿಟ್ಜರ್ಲೆಂಡಿನ ವಿಂಟರ್‌ಟೂರ್‌ನಾಗ ತಯಾರಾಗಿ ಬಂದಾವು. ನೀವು ಬ್ರಿಗ್‌ನಿಂದ ಆಂಡರ್‌ಮಾಟ್ ಕಡೆ ಹೋದ್ರ ಏರು ಬಂದಲ್ಲಿ ಅದ ಆಬ್ಟ್ ಹಲ್ಲು ನೋಡಾಕ ಸಿಗತೈತಿ, ಗಾಡಿ ಹಲ್ಲು ಹಿಡಿಯೂ ಮುಂದ ವೇಗ ಇಳಿದು ಕೆಳಗ ಒಂಥರಾ ಗರಗರ ಅಂತೈತಿ. ತಪ್ಪದ ಕಿವಿ ಕೊಡ್ರಿ.

ಲೆಕ್ಕದ ಮೇಷ್ಟ್ರು

ಪಾಸಾ ಕಾರ್ಡಾ ಅನ್ನೋದು ಬರೀ ಲೆಕ್ಕದ ವಿಷ್ಯ, ಒಂದ್ಸಲ ಹಾಕೋಣ. 2024ರ ರೇಟಲ್ಲಿ ಹಾಫ್ ಫೇರ್ ಕಾರ್ಡ್ 120 ಫ್ರಾಂಕ್, ಒಂದು ತಿಂಗ್ಳು ನಡೆಯುತ್ತೆ, ಎಲ್ಲ ಟಿಕೆಟ್ಟೂ ಅರ್ಧ ರೇಟು. 8 ದಿನದ ಪಾಸ್ 419. ವ್ಯತ್ಯಾಸ 299. ಅಂದ್ರೆ ಕಾರ್ಡ್ ತಗೊಂಡು ಅರ್ಧ ರೇಟಲ್ಲಿ 299 ಖರ್ಚಾಗೋಷ್ಟು, ಪೂರ್ತಿ ರೇಟಲ್ಲಿ 598 ಫ್ರಾಂಕ್ ಓಡಾಟ ಇದ್ರೆ ಎರಡೂ ಸಮ. ದಿನಕ್ಕೆ 75. ಅದಕ್ಕಿಂತ ಜಾಸ್ತಿ ಸುತ್ತೋರಿಗೆ ಪಾಸ್, ಕಮ್ಮಿ ಸುತ್ತೋರಿಗೆ ಕಾರ್ಡ್.

ಆದ್ರೆ ಬೆಟ್ಟ ಬಂತು ಅಂದ್ರೆ ಲೆಕ್ಕ ಬದಲಾಗುತ್ತೆ, ಎಲ್ರೂ ಎಡವೋದು ಅಲ್ಲೇ. ಯುಂಗ್‌ಫ್ರಾವ್‌ಯೋಖ್‌ಗೆ ಪಾಸಲ್ಲಿ ಗ್ರಿಂಡೆಲ್‌ವಾಲ್ಡ್ ಅಥ್ವಾ ವೆಂಗೆನ್ ತನಕ ಮಾತ್ರ ಫ್ರೀ, ಅಲ್ಲಿಂದ ಮೇಲೆ 25 ಪರ್ಸೆಂಟ್ ಕಡಿತ. ಹಾಫ್ ಫೇರಲ್ಲಿ ಇಂಟರ್‌ಲಾಕನ್ನಿಂದ ತುದಿ ತನಕ ಪೂರ್ತಿ ಅರ್ಧ. ಹೋಗಿ ಬರೋ ಟಿಕೆಟ್ 240 ಆಸುಪಾಸು ಅಂತ ಇಟ್ಕೊಂಡ್ರೆ ಆ ಒಂದೇ ದಿನಕ್ಕೆ ಪಾಸ್‌ನವ್ರು ತಲೆಗೆ ನಲವತ್ತು ಚಿಲ್ಲರೆ ಫ್ರಾಂಕ್ ಜಾಸ್ತಿ ಕೊಡ್ತಾರೆ. ಗೊರ್ನರ್‌ಗ್ರಾಟ್, ಟಿಟ್ಲಿಸ್, ಪಿಲಾಟುಸ್ ಇವಕ್ಕೆಲ್ಲ ಪಾಸಲ್ಲೂ ಅರ್ಧ, ಕಾರ್ಡಲ್ಲೂ ಅರ್ಧ. ರಿಗಿ, ಸ್ಟಾನ್ಸರ್‌ಹಾರ್ನ್, ಸ್ಟೂಸ್, ಹಾಗೇ ಮ್ಯೂರೆನ್ ಹಳ್ಳಿ ತನಕ ಪಾಸಲ್ಲಿ ಪೂರ್ತಿ ಫ್ರೀ.

ಮಗನಿಗೆ ಖರ್ಚಿಲ್ಲ. 6ರಿಂದ 16 ವರ್ಷದೊಳಗಿನ ಮಕ್ಳು ಪಾಸ್ ಇರೋ ಅಪ್ಪ ಅಥ್ವಾ ಅಮ್ಮನ ಜೊತೆ ಇದ್ರೆ ಸ್ವಿಸ್ ಫ್ಯಾಮಿಲಿ ಕಾರ್ಡಲ್ಲಿ ಉಚಿತ, ಪಾಸ್ ತಗೊಳ್ವಾಗ್ಲೇ ಕೇಳಿ ಸೇರಿಸ್ಕೊಳ್ಳಿ. ಹಿರಿಯರಿಗೆ ಅಂತ ರಿಯಾಯ್ತಿ ಈ ಪಾಸಲ್ಲಿ ಇಲ್ಲ, 25 ತುಂಬದೇ ಇರೋ ಯುವಕರಿಗೆ ಮಾತ್ರ ಇದೆ.

ತಿರುಗಾಟ ಮೈಸೂರು

ಝೂರಿಕ್ ಸರ್ ಹೇಳಿದ್ದಕ್ಕೆ ನಾನು ಪೂರ್ತಿ ಒಪ್ಪಲ್ಲ. ನಾವು ಗ್ಲೇಸಿಯರ್ ಎಕ್ಸ್‌ಪ್ರೆಸಲ್ಲೇ ಜೆರ್ಮಾಟ್‌ನಿಂದ ಸೇಂಟ್ ಮೊರಿಟ್ಸ್‌ಗೆ ಹೋದ್ವಿ, ಎಂಟು ಗಂಟೆ, 91 ಸುರಂಗ, 291 ಸೇತುವೆ, ಒಬೆರಾಲ್ಪ್ ಘಾಟಲ್ಲಿ 2,033 ಮೀಟರ್ ಎತ್ತರ. ನಮ್ಮತ್ತೆಗೆ 70 ವರ್ಷ, ಕೂತ ಜಾಗಕ್ಕೇ ಊಟ ಬಂತು, ಟಾಯ್ಲೆಟ್ ಹತ್ರ, ಬ್ಯಾಗ್ ಎಳ್ಕೊಂಡು ಗಾಡಿ ಬದಲಾಯಿಸೋ ಗೋಳಿಲ್ಲ. ಲೋಕಲಲ್ಲಿ ಅದೇ ದಾರಿ ಹೋಗ್ಬೇಕಂದ್ರೆ ಆಂಡರ್‌ಮಾಟ್, ಡಿಸೆಂಟಿಸ್ ಅಂತ ಇಳಿದು ಹತ್ತಬೇಕು. ವಯಸ್ಸಾದವ್ರಿಗೆ ಆ 50 ಫ್ರಾಂಕ್ ದಂಡ ಅಲ್ಲ. ಒಂದು ನೆನಪಿರ್ಲಿ, ಅಕ್ಟೋಬರ್ ಮಧ್ಯದಿಂದ ಡಿಸೆಂಬರ್ ಮಧ್ಯದ ತನಕ ಆ ಗಾಡಿ ಓಡಲ್ಲ. ನಿಮ್ಮ ತಾರೀಖಿಗೆ ಸಿಗುತ್ತೆ ಅನ್ಸುತ್ತೆ, ಬೇಗ ನೋಡಿ.

ಝೂರಿಕ್ ಕನ್ನಡಿಗ

ಮೈಸೂರಿನವ್ರೇ, ಅದು ನ್ಯಾಯವಾದ ಮಾತು. ಕೂತಲ್ಲೇ ಕೂತು ನೋಡ್ಬೇಕು ಅನ್ನೋರಿಗೆ ಅದೇ ಸರಿ. ಆದ್ರೆ ಇವ್ರ ಅಪ್ಪ ಕೂತು ನೋಡೋ ಪೈಕಿ ಅಲ್ಲ ಅಂತ ನಂಗನ್ಸುತ್ತೆ.

ಅಮ್ಮನ ಜೊತೆ ಪ್ರವಾಸ

ಅಕ್ಕ, ಮಂಡಿ ನೋವಿನ ಬಗ್ಗೆ ನಾನು ಹೇಳ್ತೀನಿ, ನಮ್ಮಮ್ಮನ್ನ ಕರ್ಕೊಂಡು ಹೋಗಿದ್ದೆ. ದೊಡ್ಡ ಸ್ಟೇಷನ್ನಲ್ಲಿ ಲಿಫ್ಟು, ಇಳಿಜಾರು ದಾರಿ ಇರುತ್ತೆ. ಹೊಸ ರೈಲುಗಳು ಪ್ಲಾಟ್‌ಫಾರಂ ಮಟ್ಟಕ್ಕೇ ಇರ್ತವೆ, ಹಳೇ ಬೋಗಿಗೆ ಎರಡು ಮೂರು ಮೆಟ್ಲು ಇರುತ್ತೆ. ಕಷ್ಟ ಆಗೋದು ಕನೆಕ್ಷನ್‌ನಲ್ಲಿ. ಆ್ಯಪಲ್ಲಿ 5 ನಿಮಿಷದಲ್ಲಿ ಗಾಡಿ ಬದಲಾಯಿಸಿ ಅಂತ ಆರಾಮಾಗಿ ತೋರಿಸ್ತಾರೆ, ಅವ್ರಿಗೆ ಅದು ಸಾಕು, ನಮ್ಮಮ್ಮಂಗೆ ಸಾಲ್ಲಿಲ್ಲ. ನಾವು ಏನ್ ಮಾಡಿದ್ವಿ ಅಂದ್ರೆ ಪ್ರತಿ ಸಲ ಬೇಕಂತಲೇ ಒಂದು ಗಾಡಿ ಬಿಟ್ಟು ಮುಂದಿಂದಕ್ಕೆ ಹೋಗ್ತಿದ್ವಿ, ಅರ್ಧ ಗಂಟೆ ಬೆಂಚಲ್ಲಿ ಕೂತು ಕಾಫಿ ಕುಡಿಯೋದು. ಪಾಸ್ ಇದ್ದಿದ್ರಿಂದಾನೇ ಅದು ಆಗಿದ್ದು, ಯಾವ ಗಾಡೀಗೂ ಕಟ್ಟುಬಿದ್ದಿಲ್ಲ ನೋಡಿ.

ಇನ್ನೊಂದು, ಇಂಟರ್‌ಲಾಕನ್ ಓಸ್ಟ್‌ನಿಂದ ಬೆಟ್ಟದ ಕಡೆ ಹೋಗೋ ಗಾಡಿ ಟ್ವೈಲ್ಯೂಚಿನೆನ್ ಅನ್ನೋ ಸ್ಟೇಷನ್ನಲ್ಲಿ ಎರಡು ಭಾಗ ಆಗುತ್ತೆ, ಒಂದು ಲೌಟರ್‌ಬ್ರುನೆನ್‌ಗೆ, ಒಂದು ಗ್ರಿಂಡೆಲ್‌ವಾಲ್ಡ್‌ಗೆ. ನಾನು ಬೋರ್ಡ್ ನೋಡ್ದೆ ಹತ್ತಿಸ್ಬಿಟ್ಟೆ, ಅಮ್ಮ ಒಂದು ಬೋಗೀಲಿ, ನಾನು ಬ್ಯಾಗ್ ಇಡೋಕೆ ಅಂತ ಹಿಂದಿನ ಬೋಗೀಲಿ, ಗಾಡಿ ಎರಡಾಯ್ತು. ಅಮ್ಮನ ಹತ್ರ ಫೋನೂ ಇರ್ಲಿಲ್ಲ. ಆ ಮುಕ್ಕಾಲು ಗಂಟೆ ನನ್ನ ಜೀವ ಬಾಯಿಗೆ ಬಂದಿತ್ತು. ಪ್ಲಾಟ್‌ಫಾರಮಲ್ಲಿ ಎ, ಬಿ, ಸಿ ಅಂತ ಸೆಕ್ಟರ್ ಬರ್ದಿರ್ತಾರೆ, ಯಾವ ಸೆಕ್ಟರ್ ಗಾಡಿ ಯಾವ ಊರಿಗೆ ಅಂತ ನೋಡ್ಕೊಂಡೇ ಹತ್ತಿ, ಎಲ್ರೂ ಒಂದೇ ಬೋಗೀಲಿರಿ, ಪಾಸಿನ ಕ್ಯೂಆರ್ ಕೋಡ್ ಪ್ರಿಂಟ್ ತೆಗೆದು ಪಾಸ್‌ಪೋರ್ಟ್ ಜೊತೆ ಪ್ರತಿಯೊಬ್ರ ಹತ್ರಾನೂ ಬೇರೆಬೇರೆಯಾಗಿ ಇರ್ಲಿ.

ಸಕಲೇಶಪುರದ ಮಗಳು

ಎಷ್ಟು ಹೇಳಿಕೊಟ್ರಿ, ಕಣ್ಣು ತುಂಬಿ ಬಂತು. ಲೆಕ್ಕ ಹಾಕ್ದೆ ಮೇಷ್ಟ್ರೇ. ಝೂರಿಕ್ ಟು ಇಂಟರ್‌ಲಾಕನ್, ಅಲ್ಲಿಂದ ರಿಗಿ, ಮ್ಯೂರೆನ್, ಲೇಕಲ್ಲಿ ಬೋಟು, ಆಮೇಲೆ ಕೂರ್ (Chur) ಅನ್ನೋ ಊರಿನ ಕಡೆ ಹೋಗೋದು, ಬರ್ನಿನಾ ಹೋಗಿ ಬರೋದು, ವಾಪಸ್ ಝೂರಿಕ್. ಪೂರ್ತಿ ರೇಟಲ್ಲಿ 598 ಸಲೀಸಾಗಿ ದಾಟುತ್ತೆ. ಯುಂಗ್‌ಫ್ರಾವ್‌ಯೋಖ್ ಬಿಡೋಣ ಅಂತ ನಮ್ಮನೆಯವ್ರೂ ನಾನೂ ಮಾತಾಡ್ಕೊಂಡ್ವಿ, 3,454 ಮೀಟರಿಗೆ ಒಂದೇ ಏಟಿಗೆ ಹೋದ್ರೆ ಅಪ್ಪನ ಬಿಪಿಗೆ ಹೇಗೋ ಅಂತ ಡಾಕ್ಟ್ರೂ ಯೋಚ್ನೆ ಮಾಡಿದ್ರು. ಹಾಗಾಗಿ ಪಾಸೇ.

ಬರ್ನಿನಾ ನೋಡೋಕೆ ಕೂರ್ ಊರಲ್ಲೇ ಉಳ್ಕೊಂಡು ಒಂದೇ ದಿನ ಹೋಗಿ ಬರ್ಬೋದಾ?

ಝೂರಿಕ್ ಕನ್ನಡಿಗ

ಬರ್ಬೋದು, ಆದ್ರೆ ಒಂದು ಕಡೆಗೇ ನಾಲ್ಕು ಗಂಟೆ ಮೇಲೆ, ಅಮ್ಮ ಸುಸ್ತಾಗ್ತಾರೆ. ಪಾಂಟ್ರೆಸೀನಾದಲ್ಲಿ ಎರಡು ರಾತ್ರಿ ಉಳ್ಕೊಳ್ಳಿ, ಬರ್ನಿನಾ ಲೈನಿನ ಮೇಲೇ ಇರೋ ಊರು. ಕೂರ್‌ನಿಂದ ಅಲ್ಲಿಗೆ ಹೋಗೋ ದಾರೀಲೇ ಲಾಂಡ್‌ವಾಸರ್ ಸೇತುವೆ ಸಿಗುತ್ತೆ, 65 ಮೀಟರ್ ಎತ್ತರ, ಬಾಗಿರೋ ಸೇತುವೆ, ದಾಟ್ತಿದ್ದ ಹಾಗೇ ಕಡಿದಾದ ಬಂಡೆ ಒಳಗಿನ ಸುರಂಗಕ್ಕೆ ನುಗ್ಗುತ್ತೆ. ಕೂರ್‌ನಿಂದ ಹೋಗ್ವಾಗ ಬಲಗಡೆ ಕೂರಿ. ಪಾಂಟ್ರೆಸೀನಾದಿಂದ ತಿರಾನೊ ಕಡೆಗೂ ಬಲಗಡೆಯೇ, ಮೊರ್ಟೆರಾಚ್ ಹಿಮನದಿ, ಲಾಗೊ ಬಿಯಾಂಕೊ ಕೆರೆ ಎರಡೂ ಆ ಕಡೆಗೇ. ಅಕ್ಟೋಬರಲ್ಲಿ ಅಲ್ಲಿನ ಲಾರ್ಚ್ ಮರಗಳ ಎಲೆ ಅರಿಶಿನದ ಬಣ್ಣಕ್ಕೆ ತಿರುಗಿರುತ್ತೆ, ಅದನ್ನ ನೋಡೋಕೆ ನಾನು ಪ್ರತಿ ವರ್ಷ ಹೋಗ್ತೀನಿ.

ಲುಜರ್ನ್‌ನಿಂದ ಇಂಟರ್‌ಲಾಕನ್‌ಗೆ ಬರ್ವಾಗ್ಲೂ ಬಲಗಡೆ ಹಿಡೀರಿ, ಸಾರ್ನೆನ್ ಕೆರೆ, ಲುಂಗೆರ್ನ್ ಕೆರೆ ಎರಡೂ ಬಲಕ್ಕೆ. ಆಮೇಲೆ ಬ್ರಿಯೆನ್ಸ್ ಕೆರೆ ಎಡಕ್ಕೆ ಬರ್ಬೇಕಲ್ಲ ಅಂತ ಮ್ಯಾಪ್ ನೋಡಿ ಗಾಬರಿ ಆಗ್ಬೇಡಿ, ಮೈರಿಂಗೆನ್‌ನಲ್ಲಿ ಗಾಡಿ ಉಲ್ಟಾ ಹೊರಡುತ್ತೆ, ಕೂತ ಸೀಟಿಗೇ ಕೆರೆ ಬರುತ್ತೆ.

ಹೊಸಬ

ನಡುವೆ ಕೇಳ್ತಿದೀನಿ, ಯೂರೇಲ್ ಪಾಸ್ ಆದ್ರೆ ಎಲ್ಲ ದೇಶಕ್ಕೂ ಆಗುತ್ತಲ್ಲ, ಅದೇ ತಗೊಂಡ್ರೆ?

ಲೆಕ್ಕದ ಮೇಷ್ಟ್ರು

ಪ್ಯಾರಿಸ್, ವಿಯೆನ್ನಾ, ರೋಮ್ ಅಂತ ನಾಲ್ಕು ದೇಶ ಸುತ್ತೋದಾದ್ರೆ ಯೂರೇಲ್ ಸರಿ, ಬರ್ನಿನಾ ಲೈನಲ್ಲೂ ನಡೆಯುತ್ತೆ. ಬರೀ ಸ್ವಿಟ್ಜರ್ಲೆಂಡ್ ಆದ್ರೆ ಬೇಡ. ಊರೊಳಗಿನ ಬಸ್ಸು ಟ್ರಾಮು, ರಿಗಿ ಥರದ ಬೆಟ್ಟ, 500ಕ್ಕೂ ಹೆಚ್ಚು ಮ್ಯೂಸಿಯಂ ಇದೆಲ್ಲ ಸ್ವಿಸ್ ಪಾಸಲ್ಲಿ ಸೇರಿರುತ್ತೆ. ಮಾಮೂಲಿ ಪಾಸ್ ಶುರುವಾದ ಮೇಲೆ ದಿನಗಳು ಸಾಲಾಗಿ ಹೋಗ್ತವೆ, ಮಧ್ಯೆ ಒಂದಿನ ಸುಮ್ನೆ ಕೂತ್ರೂ ಆ ದಿನ ಹೋದ ಹಾಗೇ. ಬಿಡುವು ಬೇಕಾದ್ರೆ ಫ್ಲೆಕ್ಸ್ ತಗೊಳ್ಳಿ, ಒಂದು ತಿಂಗ್ಳೊಳಗೆ ಬೇಕಾದ ದಿನ ಬಳಸ್ಬೋದು, ಸ್ವಲ್ಪ ರೇಟ್ ಜಾಸ್ತಿ.

ಸಕಲೇಶಪುರದ ಮಗಳು

ವಾಪಸ್ ಬಂದು ಹತ್ತು ದಿನ ಆಯ್ತು. ಇಷ್ಟೆಲ್ಲ ಹೇಳಿಕೊಟ್ಟವ್ರಿಗೆ ಹೇಗಾಯ್ತು ಅಂತ ಹೇಳ್ದೆ ಇದ್ರೆ ತಪ್ಪಾಗುತ್ತೆ.

ರಿಗಿ ಅಮ್ಮಂದಾಯ್ತು. ಲುಜರ್ನ್‌ನಿಂದ ಬೋಟಲ್ಲಿ ವಿಟ್ಸ್‌ನೌ, ಅಲ್ಲಿ ಬೋಟಿಂದ ಇಳಿದು ನಾಲ್ಕು ಹೆಜ್ಜೆ ಹಾಕಿದ್ರೆ ಹಲ್ಲಿನ ಹಳಿ ರೈಲು, 1871ರಿಂದ ಓಡ್ತಿರೋ ಲೈನು. ಮೆಟ್ಲು ಹತ್ತದೇನೇ ಅಮ್ಮ ಬೆಟ್ಟದ ತುದಿಗೆ ಬಂದ್ರು, 1,798 ಮೀಟರ್, ಕೆಳಗೆಲ್ಲ ಮೋಡ. ಬುತ್ತಿ ಬಿಚ್ಚಿ ಎಲ್ರಿಗೂ ಪುಳಿಯೋಗರೆ ಹಾಕಿಕೊಟ್ರು. ಇಡೀ ಬೆಟ್ಟಕ್ಕೆ ಒಂದು ರೂಪಾಯಿ ಬೇರೆ ಕೊಡ್ಲಿಲ್ಲ, ಎಲ್ಲಾ ಪಾಸಲ್ಲೇ.

ಬರ್ನಿನಾ ದಿನ ಬೆಳಗ್ಗೆ ಪಾಂಟ್ರೆಸೀನಾ ಸ್ಟೇಷನ್ನಿಗೆ ಹೋದ್ವಿ. ಅಪ್ಪ ಪ್ಲಾಟ್‌ಫಾರಮಲ್ಲಿ ನಿಂತು ಹಳಿ ನೋಡಿದ್ರು, ಕನ್ನಡಕ ತೆಗೆದು ಒರೆಸ್ಕೊಂಡು ಮತ್ತೆ ನೋಡಿದ್ರು. "ಇದು ಮೀಟರ್ ಗೇಜ್ ಕಣಮ್ಮ" ಅಂದ್ರು. ಯಾರೂ ಹೇಳಿರ್ಲಿಲ್ಲ ಅವ್ರಿಗೆ. ನಾನು ಹೂಂ ಅಂದೆ ಅಷ್ಟೇ, ಮುಂದೆ ಮಾತು ಬರ್ಲಿಲ್ಲ.

ಗಾಡೀಲಿ ಕಿಟಕಿ ತೆಗೆಯೋ ಬೋಗಿ ಸಿಕ್ತು. ಹಿಮನದಿ ಬಂತು, ಕೆರೆ ಬಂತು, ಮಗ ಕೂಗಾಡ್ತಿದ್ದ, ಅಪ್ಪ ಮಾತ್ರ ತಲೆ ಹೊರಗೆ ಹಾಕ್ದೆ ಕಿಟಕಿ ಅಂಚಿಗೆ ಕೆನ್ನೆ ಕೊಟ್ಕೊಂಡು ಗಾಡಿ ತಿರುಗಿದಾಗೆಲ್ಲ ಹಳಿ, ಜಲ್ಲಿ, ಚರಂಡಿ ನೋಡ್ತಿದ್ರು. ಆಲ್ಪ್ ಗ್ರ್ಯೂಮಲ್ಲಿ ಇಳಿದ್ವಿ. 2,091 ಮೀಟರ್. ಅಲ್ಲಿಂದ ಕೆಳಗೆ ಪೊಸ್ಕಿಯಾವೊ ಕಣಿವೆ, ಸಾವಿರ ಮೀಟರ್‌ಗಿಂತ ಜಾಸ್ತಿ ಇಳಿಯೋಕೆ ಹಳಿ ಹಾವಿನ ಥರ ಮಡಚ್ಕೊಂಡು ಮಡಚ್ಕೊಂಡು ಹೋಗುತ್ತೆ. ಎಲ್ರೂ ಎದುರಿನ ಪಾಲ್ಯು ಹಿಮನದಿ ಫೋಟೋ ತೆಗೀತಿದ್ರು. ಅಪ್ಪ ಸ್ಟೇಷನ್ ಪಕ್ಕದ ಗುಡ್ಡದ ಕಡೆ ಕಟ್ಟಿದ ಕಲ್ಲಿನ ಗೋಡೆ ಹತ್ರ ಹೋಗಿ, ಕಲ್ಲಿನ ಸಂದಿಗೆ ಬೆರಳಿಟ್ಟು, ನೀರು ಹೊರಗೆ ಹೋಗೋ ತೂತು ಎಲ್ಲೆಲ್ಲಿದೆ ಅಂತ ಮಗನಿಗೆ ತೋರಿಸಿ ಎಣಿಸಿದ್ರು. "ಇದೊಂದು ಮುಚ್ಕೊಂಡ್ರೆ ಗೋಡೆ ಉಬ್ಬುತ್ತೆ, ಗೋಡೆ ಉಬ್ಬಿದ್ರೆ ಹಳಿ ಹೋಗುತ್ತೆ, ನಿಮ್ಮಜ್ಜ ರಾತ್ರಿ ನೋಡ್ತಿದ್ದಿದ್ದು ಇದನ್ನೇ" ಅಂದ್ರು. ಅವ್ರು ಏನು ಕೆಲ್ಸ ಮಾಡ್ತಿದ್ರು ಅಂತ ನಂಗೂ ಅವತ್ತೇ ಸರಿಯಾಗಿ ಗೊತ್ತಾಗಿದ್ದು.

ಅಲ್ಲಿ ಕಿತ್ತಳೆ ಬಣ್ಣದ ಬಟ್ಟೆ ಹಾಕ್ಕೊಂಡ ಇಬ್ರು ಹಳಿ ಕೆಲಸದವ್ರು ಊಟಕ್ಕೆ ಕೂತಿದ್ರು. ಅಪ್ಪ ಹತ್ರ ಹೋಗಿ ತಮ್ಮ ಎದೆ ಮುಟ್ಕೊಂಡು, ಹಳಿ ತೋರಿಸಿ, ಸುತ್ತಿಗೆ ಹೊಡೆಯೋ ಥರ ಕೈ ಮಾಡಿ ತೋರಿಸಿದ್ರು. ಅವ್ರಿಗೆ ಕೂಡ್ಲೇ ಅರ್ಥ ಆಯ್ತು. ಎದ್ದು ನಿಂತು ಕೈ ಕುಲುಕಿದ್ರು, ಒಬ್ಬ ಅಪ್ಪನ ಅಂಗೈ ಮಗುಚಿ ನೋಡಿ ತಲೆದೂಗಿದ. ಎಕ್ಸ್‌ಪ್ರೆಸಲ್ಲಿ ಹೋಗಿದ್ರೆ ನಾವು ಅಲ್ಲಿ ಹೀಗೆ ಕೂರ್ತಾನೇ ಇರ್ಲಿಲ್ಲ. ಝೂರಿಕ್ ಅಣ್ಣ, ನಿಮಗೆ ಎಷ್ಟು ಥ್ಯಾಂಕ್ಸ್ ಹೇಳಿದ್ರೂ ಕಮ್ಮಿ.

ಬ್ರೂಸಿಯೊ ಸುತ್ತು ಹೋಗ್ವಾಗೊಂದು ಸಲ, ಬರ್ವಾಗೊಂದು ಸಲ. ಎರಡನೇ ಸಲ ಅಪ್ಪ ವಿಡಿಯೋ ಮಾಡ್ಲಿಲ್ಲ, ಸುಮ್ನೆ ನೋಡಿದ್ರು.

ಹುಬ್ಬಳ್ಳಿ ರೈಲುಪ್ರೇಮಿ

ಅಕ್ಕಾರ, ಎರಡ ಸಲ ಓದಿದ್ನಿ. ಅಪ್ಪಾರಿಗೆ ನನ್ನ ಶರಣು ತಿಳಸ್ರಿ.

ಹೊಸಬ

ಮೇಡಂ ತುಂಬಾ ಚೆನ್ನಾಗಿದೆ. ನಾವು ಬೇಸಿಗೆ ರಜೆಗೆ ಹೊರಟಿದೀವಿ, ಪಾಂಟ್ರೆಸೀನಾದಿಂದ ಆಲ್ಪ್ ಗ್ರ್ಯೂಮ್, ಬ್ರೂಸಿಯೊ ಎರಡೂ ಕಡೆ ಇಳಿದು ಒಂದೇ ದಿನ ವಾಪಸ್ ಬರೋಕಾಗುತ್ತಾ?

ಸಕಲೇಶಪುರದ ಮಗಳು

ಆರಾಮಾಗಿ ಆಗುತ್ತೆ, ಬೆಳಗ್ಗೆ ಬೇಗ ಹೊರಡಿ. ಕೊನೇ ಗಾಡಿಗೆ ಕಾಯ್ಬೇಡಿ, ಅದಕ್ಕಿಂತ ಒಂದೆರಡು ಗಾಡಿ ಮುಂಚೆ ವಾಪಸ್ ಹೊರಡಿ. ತಿರಾನೊಗೆ ಹೋದ್ರೆ ಗಾಡಿ ಊರೊಳಗೆ ರಸ್ತೆ ಮೇಲೇ, ದೊಡ್ಡ ಚರ್ಚಿನ ಮುಂದೆ ಹಾದು ಹೋಗುತ್ತೆ, ಆವಾಗ ಕಿಟಕಿ ಹತ್ರ ಇರಿ. ಬಿಸಿಲಿದ್ರೂ ಸ್ವೆಟರ್ ತಗೊಂಡು ಹೋಗಿ, ಆಲ್ಪ್ ಗ್ರ್ಯೂಮಲ್ಲಿ ಗಾಳಿ ಜೋರು.